ಖಾಲಾ ಬರೀ ನೀರು ಕೊಟ್ಟ ದಿನ

ನೂಲು ಕಡಿದೂ ಕಡಿದೂ ಖಾಲಾಳ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಆ ಕಚ್ಚಿಗೇ ಸಿಕ್ಕಿಸಿ ಪಟ್ಟನೆ ಹರಿಯುತ್ತಿದ್ದಳು. ಭಂಕೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕವ್ವ. ಓಣಿಗೆಲ್ಲ ಖಾಲಾ ಆದವಳು ನನಗೂ ಖಾಲಾ.

ಮಧ್ಯಾಹ್ನ ಅಡುಗೆ ಮುಗಿಸಿದ ಹೆಂಗಸರು, ನಮ್ಮವ್ವನೂ ಸೇರಿ, ಆಕೆಯ ಪಡಸಾಲೆಯಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ಆ ಹೊಸ್ತಿಲು ತುಳಿದವರು ಯಾರೇ ಆಗಲಿ, ಚಾ ಕುಡಿಯದೆ ಹೋಗುವ ಹಾಗಿರಲಿಲ್ಲ. "ಮೊದಲ ಕುಂದ್ರಿ, ಚಾ ಕುಡೀರಿ, ಆಮ್ಯಾಗ ಯಾಕ ಬಂದೀರಿ ಹೇಳ್ರಿ" ಅನ್ನುವಳು. ಒಮ್ಮೆ ನಳದ ನೀರು ಬಿಡುವವನನ್ನು ಬೈಯಲಿಕ್ಕೆಂದೇ ಕರೆಸಿ, ಚಾ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಕಾದು, ಆಮೇಲೆ ಬೈದಳು.

ನಾನು ಲಾರಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರುವ ಹಮಾಲನಾಗಿ ಶುರು ಮಾಡಿ ಶಹಾಬಾದಿನಲ್ಲಿ ಸ್ವಂತ ಕಲ್ಲಿನ ಡಿಪೋ ಹಾಕಿದವನು. ಗಿರಾಕಿಯ ಮುಖ ನೋಡಿ ದರ ಹೇಳುತ್ತೇನೆ. ಕೇಳದಿದ್ದರೂ ಸಲಹೆ ಕೊಡುತ್ತೇನೆ, ಈಗಲೂ ಬಿಟ್ಟಿಲ್ಲ. ಊರೂರಿನ ಮಹಿಳಾ ಗುಂಪುಗಳಿಗೆ ಅನುದಾನ, ತರಬೇತಿ ಕೊಡುವ ಒಂದು ಪ್ರತಿಷ್ಠಾನದವರು ಈ ಕೌದಿ ಗುಂಪನ್ನು ನೋಡಲು ಬರುತ್ತಾರೆಂದಾಗ ಹೆಂಗಸರೆಲ್ಲ ನನ್ನ ಕಡೆಗೇ ತಿರುಗಿದರು. ಹೊಲಿಗೆ ಯಂತ್ರ ಸಿಕ್ಕರೆ ಇವರ ಕೌದಿ ಊರ ಸಂತೆ ದಾಟಿ ದೊಡ್ಡ ಅಂಗಡಿಗೆ ಹೋಗುವಂತಿತ್ತು. ಸೇಡಂ, ಚಿತ್ತಾಪುರದ ಗುಂಪುಗಳೂ ಅದಕ್ಕೇ ಕಾದಿದ್ದವು.

ಕೊಡಲು ಬಂದವರ ಮುಂದೆ ಇದ್ದದ್ದನ್ನು ತೋರಿಸಬೇಡಿ ಎಂದೆ. ಖಾಲಾಳ ಸ್ಟೀಲಿನ ಕೊಡ, ಮಂಚ, ಈದಿಗೆ ತಂದ ಜಮಖಾನೆ ಎಲ್ಲ ನಮ್ಮ ಮನೆಗೆ ಬಂದವು; ನಮ್ಮ ಹರಕು ಚಾಪೆ ಅಲ್ಲಿಗೆ ಹೋಯಿತು. ಚಾ ಮಾತ್ರ ಮಾಡಲೇಬೇಡ, ಇವರಿಗೇನು ಕಡಿಮೆ ಅಂದುಕೊಳ್ಳುತ್ತಾರೆ ಎಂದೆ. ಹೊಲಿಯುತ್ತಿದ್ದ ಖಾಲಾ ಸೂಜಿ ನಿಲ್ಲಿಸಿದಳು.

"ಮನಿಗಿ ಬಂದವರಿಗಿ ಬರೇ ನೀರ ಕೊಡ್ಲೇನೋ ಸಾವ್ಕಾರ?"

"ಒಂದ ದಿನದ ಮಾತು ಖಾಲಾ. ಇದು ವ್ಯವಹಾರ ಅದ."

"ವ್ಯವಹಾರ ನಿನ್ನ ಡಿಪೋದಾಗ ಇಟ್ಕೋ. ಇದು ಮನಿ ಅದ."

ನಮ್ಮವ್ವ ಮೆಲ್ಲಗೆ, ಮಷೀನ್ ಬಂದರೆ ಎಲ್ಲರ ಕಣ್ಣಿಗೆ ಒಂದಿಷ್ಟು ಆರಾಮ ಸಿಗುತ್ತಿತ್ತು ಎಂದಳು. ಖಾಲಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಹೂಂ ಅಂದಳು.

ಬಂದವರು ಒಬ್ಬ ಹಿರಿಯರು, ಒಬ್ಬ ಹರೆಯದ ಹುಡುಗಿ. ಫರಸಿಯ ಮೇಲೆ ಕಾಲಿಡಲಾಗದಂಥ ಬಿಸಿಲು. ಕೇಳಿದ್ದಕ್ಕೆಲ್ಲ ಖಾಲಾ ಉತ್ತರ ಕೊಟ್ಟಳು, ತಲೆ ಮಾತ್ರ ಎತ್ತಲಿಲ್ಲ. ಅವರೇ ಕೇಳಿದ ಮೇಲೆ ಎರಡು ಲೋಟ ನೀರು ಬಂತು. ಏಳುವಾಗ ಆ ಹುಡುಗಿ ತನ್ನ ಚೀಲದಿಂದ ಬಿಸ್ಕೀಟಿನ ಪೊಟ್ಟಣ ತೆಗೆದು, ಮಕ್ಕಳಿಗೆ ಇರಲಿ ಎಂದು ಖಾಲಾಳ ಕೈಯಲ್ಲಿಟ್ಟಳು. ಸೌದಾ ಕುದುರಿತು ಎಂದು ನಾನು ಬಾಗಿಲಿನಿಂದ ಖಾಲಾಳಿಗೆ ಕಣ್ಣು ಹೊಡೆದೆ. ಆಕೆ ಆ ಪೊಟ್ಟಣ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.

ಅನುದಾನ ಬಂತು, ಯಂತ್ರಗಳೂ ಬಂದವು. ಚಿತ್ತಾಪುರದಲ್ಲಿ ತರಬೇತಿ ನಡೆಯಿತು. ಅಂಚು ಕೂಡಿಸುವುದು, ಬಣ್ಣ ಹೊಂದಿಸುವುದು, ತಮ್ಮ ದುಡಿಮೆಯನ್ನೂ ಸೇರಿಸಿ ದರ ಹೇಳುವುದು. ಎಲ್ಲರೂ ಹೋದರು, ಖಾಲಾ ಹೋಗಲಿಲ್ಲ. ಯಾಕೆಂದು ಅವ್ವನ ಎದುರಿಗೇ ಕೇಳಿದೆ.

"ಅಲ್ಲಿ ಆ ಪೋರಿ ಇರ್ತಾಳಲ್ಲೋ. ನನ್ನ ಮನಿಗಿ ಬಂದು ಬರೇ ನೀರ ಕುಡದು ಹೋಗ್ಯಾಳ. ಯಾವ ಮಾರಿ ತೊಗೊಂಡು ಹೋಗ್ಲಿ?"

ಯಂತ್ರದ ಮುಂದೆ ಕೂಡ ಆಕೆ ಒಂದು ದಿನವೂ ಕೂರಲಿಲ್ಲ.

ತರಬೇತಿ ಮುಗಿದ ದಿನ ಅವ್ವನನ್ನು ಕರೆತರಲು ಹೋದಾಗ ಆ ಹುಡುಗಿಯನ್ನು ಕೇಳಿದೆ, ಏನು ನೋಡಿ ಗುಂಪು ಆರಿಸುತ್ತೀರಿ ಅಂತ. ಮುಂದೆ ಬೇರೆಯವರಿಗೆ ಸಲಹೆ ಕೊಡಲು ಬೇಕಿತ್ತು. ಮನೆ ನೋಡಿ ಅಲ್ಲವೇ ಅಲ್ಲ ಎಂದಳು. ಬೇರೆ ಬೇರೆ ಮನೆತನದವರು ಇಷ್ಟು ವರ್ಷ ಒಂದೇ ಪಡಸಾಲೆಯಲ್ಲಿ ಕೂಡಿ ಹೊಲಿದಿದ್ದಾರೆ ಎಂದು ವಿಚಾರಿಸಿಕೊಂಡೇ ಬಂದಿದ್ದರಂತೆ. ಬಂದದ್ದು ಕೆಲಸ ನೋಡಲಿಕ್ಕೆ. ಅಂದರೆ ಚಾ ಕೊಟ್ಟಿದ್ದರೂ ಯಂತ್ರ ಬರುತ್ತಿತ್ತು. ಇದನ್ನು ಖಾಲಾಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಯಂತ್ರ ತರಿಸಿಕೊಟ್ಟವನು ಎಂದು ಓಣಿ ನನ್ನನ್ನು ಹೊಗಳುತ್ತಿತ್ತು.

ಗುಂಪು ಕಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಕೇಳಿ. ಬಂದವರಿಗೆ ಕೆಲಸ ತೋರಿಸಿ, ಬಡತನದ ವೇಷ ಹಾಕಬೇಡಿ. ವಾಡಿ, ಚಿಂಚೋಳಿಯ ತನಕ ಹೋಗಿ ಇದನ್ನೇ ಹೇಳುತ್ತೇನೆ. ಎಲ್ಲಿ ಕಲಿತೆ ಎಂಬುದನ್ನು ಮಾತ್ರ ಇದುವರೆಗೆ ಹೇಳಿರಲಿಲ್ಲ.

ಹೋದ ಚಳಿಗಾಲ ಖಾಲಾ ತೀರಿಕೊಂಡಳು. ಸುದ್ದಿ ತಿಳಿದು ಆ ಹುಡುಗಿ ಬಂದಳು, ಅತ್ತಳು. ಆಮೇಲೆ ನಮ್ಮ ಕಟ್ಟೆಯ ಮೇಲೆ ಕೂತು, "ಅವರು ತರಬೇತಿಗೆ ಒಂದು ಸಲಾನೂ ಬರಲಿಲ್ಲ. ನಮ್ಮ ಮೇಲೆ ಏನಾದರೂ ಬೇಜಾರಿತ್ತಾ?" ಎಂದು ಕೇಳಿದಳು.

ಅವ್ವ ನನ್ನನ್ನೇ ನೋಡುತ್ತಿದ್ದಳು.

"ವಯಸ್ಸಾಗಿತ್ರಿ ಆಕಿಗಿ," ಅಂದೆ. "ಹೊರಗ ಹೋಗ್ಲಿಕ್ಕೆ ಮನಸ ಮಾಡ್ತಿದ್ದಿಲ್ಲ."

ಹುಡುಗಿ ನಂಬಿದಳು. ಅವ್ವ ಎದ್ದು ಒಳಗೆ ಹೋದಳು.