ವಿಜಯವಾಡದಿಂದ ಬಂದ ಮೊಟ್ಟೆ

ಚೆನ್ನೈನ ಮೈಲಾಪೂರಿನ ನಮ್ಮ ಬೀದಿಯಲ್ಲಿರುವ ಲೀಲಮ್ಮ ಕೊಳ್ಳೇಗಾಲದ ಕಡೆಯವರು. ಗಂಡ ಅಂದಾನಿ ಲಾರಿ ಓಡಿಸುತ್ತಾರೆ. ಹೊರಟರೆ ವಾರಗಟ್ಟಲೆ ಬರುವುದಿಲ್ಲ. ಮೊದಲೆಲ್ಲ ಅವರು ಬಂದಾಗ ಮನೆಯಲ್ಲಿ ಮೀನು, ಮೊಟ್ಟೆ, ಬಾಳೆಹಣ್ಣು. ಅವರು ಕೊಟ್ಟುಹೋದ ಕಾಸು ಕರಗಿದ ಮೇಲೆ ಬರೀ ಅನ್ನ, ತಿಳಿಸಾರು.

ಕಳೆದ ಜೂನ್‌ನಲ್ಲಿ ಶಾಲೆಯ ತಪಾಸಣೆ ನಡೆದಾಗ ಮಗಳು ಮೌನಳಿಗೆ ರಕ್ತ ಕಡಿಮೆ ಎಂದರು. ಮುಂದಿನ ತಪಾಸಣೆಯಲ್ಲೂ ಹೀಗೇ ಇದ್ದರೆ ಕಬಡ್ಡಿ ತಂಡದಲ್ಲಿ ಜಾಗವಿಲ್ಲ ಎಂದೂ ಹೇಳಿ ಕಳಿಸಿದರು. ಹುಡುಗಿ ಆ ದಿನ ಊಟ ಮಾಡಲಿಲ್ಲ.

ಲೀಲಮ್ಮನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಅದಕ್ಕೇ ಅಂದಾನಿ ಹೊರಡುವ ಮುನ್ನ ಬೀದಿಯ ಅಂಗಡಿಗಳ ಕ್ಯೂಆರ್ ಕೋಡುಗಳನ್ನೆಲ್ಲ ತಮ್ಮ ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಸಂಜೆ ಲಾರಿ ನಿಂತ ಕಡೆಯಿಂದಲೇ ಸೊಪ್ಪಿನವರಿಗೋ ಮೊಟ್ಟೆಯವರಿಗೋ ಅಂದಂದಿನ ಹಣ ಹಾಕತೊಡಗಿದರು. ಹಣ ಬಂತೆಂದು ಅಂಗಡಿಯ ಸ್ಪೀಕರ್ ಡಬ್ಬಿ ತಮಿಳಿನಲ್ಲಿ ಮೊತ್ತ ಕೂಗಿದರೆ ಲೀಲಮ್ಮ ಚೀಲ ಒಡ್ಡುತ್ತಿದ್ದರು.

"ನಿಮ್ಮ ಯಜಮಾನ್ರು ಕೂಗುದ್ರು ನೋಡಿ," ಎಂದು ಮೊಟ್ಟೆಯಂಗಡಿಯ ಕೃಷ್ಣರಾಜ ರೇಗಿಸುತ್ತಿದ್ದರು.

ಒಂದು ಸಂಜೆ ಎಷ್ಟು ಕಾದರೂ ಅವರ ಡಬ್ಬಿ ಕೂಗಲಿಲ್ಲ. ಪಕ್ಕದ ಹೂವಿನಂಗಡಿಯದು ಕೂಗಿತು.

"ಅಕ್ಕಾ, ನಾನು ಯಾರ್‌ಗೂ ಹೂ ಕುಡ್ಲೇ ಇಲ್ಲ," ಎಂದರು ಹೂ ಕಟ್ಟುತ್ತಿದ್ದ ನಾಗಮಣಿ. "ನಿಮ್ಮ ವೀಟ್ಟುಕ್ಕಾರರೇ ಹಾಕಿರ್ಬೇಕು."

ಲೀಲಮ್ಮ ವಿಜಯವಾಡದಲ್ಲಿದ್ದ ಗಂಡನಿಗೆ ಫೋನು ಮಾಡಿದರು. "ರೀ, ಮೊಟ್ಟೆಗೆ ಹಾಕುದ್ರಾ?"

"ಆಗ್ಲೇ ಹಾಕ್ದೆ ಕಣೆ."

"ಹೂವಿನಂಗ್ಡಿಗೆ ಹಾಕಿದ್ದೀರ. ಮಗ್ಳಿಗೆ ಮಲ್ಲಿಗೆ ಬೇಯ್ಸಿ ಕೊಡ್ಲಾ?"

ಅಂದಾನಿ ದನಿ ತಗ್ಗಿಸಿ, "ನಿಂಗೆ ಹೂ ಕೊಡ್ಸಿ ಬೋ ದಿನ ಆಗಿತ್ತು. ಮುಡ್ಕೊ," ಎಂದರು.

"ನಾನ್ ಮುಡ್ಕೊಂಡ್ರೆ ಅವ್ಳಿಗೆ ರಕ್ತ ಬತ್ತದಾ?"

ನಾಗಮಣಿ ನಗುತ್ತಲೇ ಗಲ್ಲಾದಿಂದ ನೋಟು ತೆಗೆದು ಕೃಷ್ಣರಾಜರಿಗೆ ಕೊಟ್ಟರು. ಮೊಟ್ಟೆ ಲೀಲಮ್ಮನ ಚೀಲ ಸೇರಿತು. ಮೊಳ ಮಲ್ಲಿಗೆಯನ್ನೂ ನಾಗಮಣಿ ಸುಮ್ಮನೆ ಮುಡಿಸಿ ಕಳಿಸಿದರು.

ಹೀಗೆ ದಿನಕ್ಕೊಂದು ಮೊಟ್ಟೆ, ನುಗ್ಗೆಸೊಪ್ಪು, ರಾಗಿಮುದ್ದೆ. "ಪೋದುಂ ಅಮ್ಮಾ," ಎಂದು ತಟ್ಟೆ ಸರಿಸುತ್ತಿದ್ದ ಮೌನ ಬರಬರುತ್ತ ತಾನೇ ಇನ್ನೊಂದು ತುತ್ತು ಕೇಳತೊಡಗಿದಳು. ಎರಡನೇ ತಪಾಸಣೆಯ ದಿನ ಶಾಲೆಯಿಂದ ಓಡಿಬಂದು, "ಸೇರಿಸ್ಕೊಂಡ್ರಮ್ಮ," ಎಂದು ತಾಯಿಯ ಸೊಂಟ ತಬ್ಬಿದಳು.

ಮೊದಲ ಪಂದ್ಯ ಅಡ್ಯಾರ್‌ನಲ್ಲಿ. ಅಂದಾನಿ ನೆಲ್ಲೂರಿನಿಂದ ನೇರ ಮೈದಾನಕ್ಕೇ ಬಂದರು. ಮೌನ ಎದುರಾಳಿಯ ಕಾಲು ಹಿಡಿದವಳು ಬಿಡಲೇ ಇಲ್ಲ. "ಬುಡಬ್ಯಾಡ ಕಣವ್ವ," ಎಂದು ಅಂದಾನಿ ಕೂಗಿದ ಕೂಗಿಗೆ, ಕನ್ನಡ ಬಾರದ ಹುಡುಗಿಯರೂ ಅವರ ಜೊತೆ ಸೇರಿ ಅದನ್ನೇ ಕೂಗಿದರು.