ಬಿಸಿಲಿಗೆಂದು ಒಡೆದ ಗೋಡೆ

ನನ್ನ ಚಿಕ್ಕಪ್ಪ ಗಾರೆ ಕೆಲಸದವನು. ಗೋಡೆ ಕೂದಲೆಳೆಯಷ್ಟು ವಾಲಿದ್ದರೂ ಬರಿಗಣ್ಣಲ್ಲೇ ಹೇಳುತ್ತಿದ್ದ, ಅದಕ್ಕೇ ಜೊತೆಯವರು ಅವನನ್ನು ರಸಮಟ್ಟ ಅನ್ನುತ್ತಿದ್ದರು. ಮಾತೂ ಅಷ್ಟೇ ನೆಟ್ಟಗೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಂಥ ಒದೆ ಅವನು ತಿಂದದ್ದಕ್ಕೆ ಲೆಕ್ಕವಿಲ್ಲ.

ಚಿಕ್ಕಮ್ಮನ ಬೆನ್ನುಮೂಳೆಯಲ್ಲಿ ಗಡ್ಡೆ. ಇನ್ನು ಮೂರು ತಿಂಗಳು ಕಳೆದರೆ ಹೆಚ್ಚು ಎಂದು ಡಾಕ್ಟರು ಚಿಕ್ಕಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಅವಳು ಮಲಗಿದ್ದ ಹಿಂದಿನ ಕೋಣೆಗೆ ಕಿಟಕಿಯೇ ಇರಲಿಲ್ಲ.

"ಮುಖದ ಮೇಲೆ ಒಂಚೂರು ಬಿಸಿಲು ಬಿದ್ರೆ ಸಾಕು ರೀ," ಅಂದಳು ಒಂದು ದಿನ. ಬೇರೇನನ್ನೂ ಅವಳು ಕೇಳಲಿಲ್ಲ.

ಮನೆಯ ಹಿಂದೆ ಎರಡು ಎತ್ತರದ ಗೋದಾಮು, ನಡುವೆ ಸಣ್ಣ ಸಂದಿ. ಮಾರ್ಚ್ ಇಪ್ಪತ್ತೊಂದರ ಬೆಳಿಗ್ಗೆ ಆ ಸಂದಿಯಿಂದ ಬಿಸಿಲು ನೇರ ನಮ್ಮ ಗೋಡೆಗೆ ಬಿತ್ತು. ಚಿಕ್ಕಪ್ಪ ಓಡಿಹೋಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಮೂರು ದಿನದಲ್ಲಿ ಗೋಡೆ ಒಡೆದು ಕಿಟಕಿ ಕೂರಿಸಿದ. ನಾಲ್ಕನೆಯ ಬೆಳಿಗ್ಗೆ ಬಿಸಿಲು ದಿಂಬಿನ ಮೇಲೇ ಬಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ.

ಆರೇ ದಿನ. ಆಮೇಲೆ ಬಿಸಿಲು ದಿಂಬಿನಿಂದ ಗೋಡೆಗೆ ಜರುಗಿತು, ತೆಳ್ಳಗಾಯಿತು, ನಿಂತೇಹೋಯಿತು. ಚೌಕಟ್ಟು ಸರಿಯಾಗಿ ಕೂತಿಲ್ಲವೇನೋ ಎಂದು ಮೂರು ಸಲ ಮಟ್ಟ ನೋಡಿದ ಚಿಕ್ಕಪ್ಪ, ಕೊನೆಗೆ ಪಕ್ಕದ ಮನೆಯ ಭೂಗೋಳದ ಮೇಷ್ಟ್ರ ಹತ್ತಿರ ಹೋದ. ಜೊತೆಗೆ ನಾನೂ ಇದ್ದೆ.

ಮೇಷ್ಟ್ರು ಎರಡು ಬಳೆ ತಂದು ಒಂದರೊಳಗೊಂದು ಓರೆಯಾಗಿ ಹಿಡಿದರು. "ಮಟ್ಟವಾಗಿರೋದು ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಇರೋ ಗೆರೆ ಅಂದ್ಕೋ. ಓರೆಯಾಗಿರೋದು ವರ್ಷವಿಡೀ ಸೂರ್ಯ ನಡೆಯೋ ದಾರಿ, ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆ. ಇವೆರಡೂ ಸೇರೋದು ಎರಡೇ ಕಡೆ, ಮಾರ್ಚ್‌ನಲ್ಲಿ ಮತ್ತೆ ಸೆಪ್ಟೆಂಬರ್‌ನಲ್ಲಿ. ನೀನು ಗುರುತು ಹಾಕಿದ್ದು ಸೇರಿದ ಹೊತ್ತಿಗೇ ಕಣಯ್ಯಾ. ಉತ್ತರಕ್ಕೆ ಸೂರ್ಯ ಜೋರಾಗಿ ಓಡೋದೇ ಆಗ, ದಿನಕ್ಕೆ ಹೆಚ್ಚುಕಮ್ಮಿ ತನ್ನಗಲದಷ್ಟು."

"ಮತ್ತೆ ಆ ಸಂದಿಗೆ ಯಾವಾಗ ಬರ್ತಾನೆ?"

"ಜೂನ್ ಇಪ್ಪತ್ತೊಂದಕ್ಕೆ ತಿರುಗ್ತಾನೆ. ಸಂದಿಗೆ ಬರೋದು ಸೆಪ್ಟೆಂಬರ್‌ಗೇ."

ಮನೆಗೆ ಬಂದ ಕೂಡಲೇ ಚಿಕ್ಕಮ್ಮ ಕೇಳಿದಳು, "ಮೇಷ್ಟ್ರು ಏನಂದ್ರು?"

"ಮುಂದಿನ ವಾರ ಬರುತ್ತಂತೆ."

ಹುಟ್ಟಿದಾಗಿನಿಂದ ಸುಳ್ಳಾಡದವನು ಅವತ್ತೇ ಕಲಿಯಬೇಕಿತ್ತೇ? ನಿಜ ಹೇಳಿದ್ದರೆ ಅವಳು ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು. ಈಗ ಬೆಳಕು ಹರಿಯುವ ಮೊದಲೇ ಎದ್ದು, ನೋವಲ್ಲಿ ಹಲ್ಲು ಕಚ್ಚಿ, ನನ್ನಿಂದ ತಲೆ ಬಾಚಿಸಿಕೊಂಡು, ಕಿಟಕಿ ಕಡೆ ಮುಖ ಮಾಡಿ ಕಾದಳು. ಒಂದು ವಾರ ಹೋಗಿ ಹನ್ನೊಂದು ವಾರವಾಯಿತು. ಚಿಕ್ಕಪ್ಪ ಬೆಳಗಿನ ಹೊತ್ತು ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟ. ನನಗೆ ಅವನ ಮೇಲೆ ಉರಿದುಹೋಗುತ್ತಿತ್ತು, ಆದರೆ ನಾನೂ ಬಾಯಿಬಿಡಲಿಲ್ಲ.

"ಜೂನ್ ಇಪ್ಪತ್ತೊಂದು ಬರಲಿ ಕಣಮ್ಮ," ಅಂದ ನನಗೆ. "ಸೂರ್ಯ ಈ ಕಡೆ ಹೊರಟ ಅಂತಾದ್ರೂ ಹೇಳ್ತೀನಿ. ಅದೊಂದು ನಿಜ ತಾನೆ?"

ಚಿಕ್ಕಮ್ಮ ಹತ್ತೊಂಬತ್ತರ ಬೆಳಿಗ್ಗೆ ಏಳಲಿಲ್ಲ. ಹಿಂದಿನ ಸಂಜೆ ಅವನ ಕೈ ಹಿಡಿದು, "ನಾಳೆ ಬೇಗ ಎಬ್ಬಿಸ್ರೀ, ನಾನು ಮಲಗಿದ್ದಾಗ್ಲೇ ಬಂದು ಹೋಗ್ತಿದೆಯೋ ಏನೋ," ಅಂದಿದ್ದಳು.