ಹೊರಗೆ ಹೋಗದ ನಕಾಶೆ

ವಿಜಾಪುರದ ಭೂಮಾಪನ ಕಚೇರಿಯಲ್ಲಿ ನಕಾಶೆ ಕಾಯುತ್ತಿದ್ದ ಕಾರಕೂನರು ಯಾವ ಇಲಾಖೆಯವರು ಹೋದರೂ ಒಂದೇ ಮಾತು ಹೇಳುತ್ತಿದ್ದರು: "ಇಲ್ಲೇ ಕುಂತು ನಕಲು ಮಾಡ್ಕೋರಿ. ನಕಾಶೆ ಹೊರಗ ಹೋಗಂಗಿಲ್ರಿ." ಹೇಳುತ್ತಲೇ ಅಂಗೈಯಿಂದ ಅದರ ಮಡಿಕೆ ತೀಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿತ್ತೋ, ಗೌರವವಿತ್ತೋ, ಇಂದಿಗೂ ತಿಳಿಯದು.

ಅರವತ್ತರ ದಶಕದಲ್ಲಿ ತಿಕೋಟಾ ರಸ್ತೆ ಅಗಲ ಮಾಡುವಾಗ ಗೊಂದಲವಾಯಿತು. ರಸ್ತೆ ಇಲಾಖೆಗೆ ನಾನು ಮಾಡಿಕೊಂಡಿದ್ದ ನಕಲಿನಲ್ಲಿ ರೈತನೊಬ್ಬನ ಬಾವಿ ಸರಕಾರಿ ಜಾಗದಲ್ಲಿತ್ತು. ನೀರಾವರಿಯವರ ನಕಲಿನಲ್ಲಿ ಅವನ ಹೊಲದಲ್ಲೇ ಇತ್ತು. ಎರಡೂ ನಕಲುಗಳು ಕಾರಕೂನರ ಕಣ್ಣೆದುರೇ ಮಾಡಿದವು.

ಅಂದು ಮೊದಲ ಸಲ ಮೂಲ ನಕಾಶೆ ಅವರ ಕಂಕುಳಲ್ಲಿ ಹೊರಗೆ ಬಂತು. ಬಾವಿಯ ದಂಡೆಯ ಮೇಲೆ ಹರಡಿ, ನಾಲ್ಕೂ ಕಡೆ ತಿರುಗಿಸಿ ನೋಡಿದರು.

"ನನ್ನ ಬಾವಿ ಉಳಿತೈತೋ, ಹೋಗ್ತೈತೋ, ಹೇಳ್ರಿ ಸಾಹೇಬ್ರ" ಎಂದ ರೈತ.

ಕಾರಕೂನರು ಮಡಿಕೆ ತೀಡುತ್ತ ನನ್ನ ಕಿವಿಯ ಬಳಿ ಬಾಗಿದರು.

"ಇದರಾಗ ನಾವೀಗ ಎಲ್ಲಿ ನಿಂತೀವ್ರಿ?"